ಅಮ್ಮಣ್ಣಿಯವರ ಕೋಡುಬಳೆ ಪುಟ

ದಹಿಸರಿನ ನಮ್ಮ ಬಿಲ್ಡಿಂಗಿನಲ್ಲಿ ಶುಭಾಳಷ್ಟು ಅಚ್ಚುಕಟ್ಟಿನ ಹೆಂಗಸು ಇನ್ನೊಬ್ಬಳಿಲ್ಲ. ಅಚ್ಚುಕಟ್ಟು ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಅವಳೇ ಉದಾಹರಣೆ. ಇದನ್ನು ಹೇಳುವ ಹಕ್ಕು ನನಗಿದೆ. ನಾನು ಅವಳ ಪಕ್ಕದ ಮನೆಯವಳು. ಅವಳು ಒಗ್ಗರಣೆ ಹಾಕಿದರೆ ಸೀನುವವಳು ನಾನು. ನಡೆದದ್ದನ್ನೆಲ್ಲ ಅವಳೇ ನನ್ನ ಅಡುಗೆಮನೆಯಲ್ಲಿ ನಿಂತು ಅಳುತ್ತ ಹೇಳಿದ್ದು.

ಶುಭಾ ಅಂಧೇರಿಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಯಾರೋ ಅವಳಿಗೆ ವಿಕಿ ಕಲಿಸಿದರು. ಲೋಕಕ್ಕೆಲ್ಲ ಸೇರಿದ ವಿಕಿಯಲ್ಲ, ಮನೆಯ ಕಂಪ್ಯೂಟರಿನಲ್ಲೇ ಕೂತಿರುವ, ತನಗೊಬ್ಬಳಿಗೇ ಸೇರಿದ ವಿಕಿ. ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಪುಟದೊಳಗಿನ ಒಂದು ಪದ ಒತ್ತಿದರೆ ಅದರ ಪುಟ ತೆರೆದುಕೊಳ್ಳುತ್ತದೆ. ಫ್ರಿಜ್ಜಿಗೊಂದು ಪುಟ, ಅಲ್ಲಿಂದ ರಿಪೇರಿಯವನ ಪುಟ. ಗಂಡ ಶ್ರೀರಾಮನಿಗೂ ಒಂದು ಪುಟವಿತ್ತು: ಷರ್ಟಿನ ಅಳತೆ, ಮೈಗೆ ಒಗ್ಗದ ಮಾತ್ರೆ, ಅವನು ತಪ್ಪದೆ ಮರೆಯುವ ಹುಟ್ಟುಹಬ್ಬಗಳು. ಪಾಪ, ಅವನಿಗೆ ತಾನು ಪುಟವಾಗಿರುವುದು ಗೊತ್ತೇ ಇರಲಿಲ್ಲ.

ಇಷ್ಟಾದರೂ ಆ ಮನೆಯ ಮೊದಲ ವಿಕಿ ಅತ್ತೆ ಅಮ್ಮಣ್ಣಿಯವರೇ. ಮೈಸೂರಿನಿಂದ ಮದುವೆಯಾಗಿ ಮಾಟುಂಗಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೆ ಮಗನ ಜೊತೆ ದಹಿಸರಿಗೆ ಬಂದರು. ಮಂಡಿನೋವಿನಿಂದ ಲೋಕಲ್ ರೈಲು ಹತ್ತುವುದು ನಿಂತಿತು. ಆದರೆ ಮಾಟುಂಗದ ಕನ್ನಡ ಹೆಂಗಸರು ಅವರನ್ನು ಬಿಡಲಿಲ್ಲ. ಸೀಮಂತಕ್ಕೆ ಯಾವ ಹಾಡು, ಮೊರದ ಬಾಗಿನಕ್ಕೆ ಏನೇನು, ಪುಳಿಯೋಗರೆ ಗೊಜ್ಜಿಗೆ ಬೆಲ್ಲ ಎಷ್ಟು ಎಂದು ಬೆಳಗಿನಿಂದ ಫೋನು. ಅಮ್ಮಣ್ಣಿಯವರು ಸ್ನಾನ ಮುಗಿಸಿ, ತಲೆ ಬಾಚಿಕೊಂಡು, ಬಾಲ್ಕನಿಯ ಕುರ್ಚಿಯಲ್ಲಿ ಫೋನ್ ಹಿಡಿದು ಕೂರುತ್ತಿದ್ದರು. ಅದು ಅವರ ಆಫೀಸು.

ಇದನ್ನೆಲ್ಲ ವಿಕಿಗೆ ಹಾಕಬೇಕೆಂದು ಶುಭಾಳಿಗೆ ಹೊಳೆದದ್ದು ಪ್ರೀತಿಯಿಂದಲೇ. ಭಾನುವಾರ ಬಂದರೆ ಸೊಸೆ ಕಂಪ್ಯೂಟರಿನ ಮುಂದೆ, ಅತ್ತೆ ಪಕ್ಕದಲ್ಲಿ. ಸೀಮಂತದ ಪುಟದಿಂದ ಹಾಡಿನ ಪುಟಕ್ಕೆ, ಅಲ್ಲಿಂದ ಕೋಡುಬಳೆ ಪುಟಕ್ಕೆ ದಾರಿ. ಅಮ್ಮಣ್ಣಿಯವರಿಗೆ ಹಿಗ್ಗೋ ಹಿಗ್ಗು. ಅಡುಗೆಮನೆಯಿಂದಲೇ ಕೂಗುತ್ತಿದ್ದರು: “ಶುಭಾ, ಇನ್ನೊಂದು ನೆನಪಾಯ್ತು, ಇದನ್ನೂ ಬರ್ಕೊಳೇ!”

ಎಲ್ಲ ತುಂಬಿದ ಮೇಲೆ ಶುಭಾ ಇಡೀ ವಿಕಿಯನ್ನು ಒಂದೇ ಫೈಲು ಮಾಡಿ ಮಾಟುಂಗದ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಹೊಗಳಿಕೆಯ ಸುರಿಮಳೆ. “ಅಮ್ಮಣ್ಣಿಯವರು ಈಗ ನಮ್ಮ ಮೊಬೈಲಲ್ಲೇ ಇದ್ದಾರೆ” ಎಂದರು ವನಜಾಕ್ಷಿ, ದಿನಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದವರು.

ಅವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಅಮ್ಮಣ್ಣಿಯವರು ಮೊಬೈಲಲ್ಲೇ ಇದ್ದ ಮೇಲೆ ಅವರಿಗೆ ಫೋನ್ ಏಕೆ ಮಾಡಬೇಕು? ಕರೆಗಳು ನಿಂತವು. ಅವರು ಎಂದಿನಂತೆ ತಲೆ ಬಾಚಿಕೊಂಡು ಬಾಲ್ಕನಿಯಲ್ಲಿ ಕೂತರು. ಒಂದು ದಿನ ಸೊಸೆಯ ಮುಂದೆ ಫೋನ್ ಚಾಚಿದರು. “ರೀಚಾರ್ಜ್ ಮುಗಿದಿದ್ಯೇನೋ ನೋಡೇ. ರಿಂಗೇ ಆಗ್ತಿಲ್ಲ.”

ರೀಚಾರ್ಜ್ ಇತ್ತು. ಅತ್ತೆಯ ಕೆಲಸವನ್ನು ತಾನೇ ಕಿತ್ತುಕೊಂಡು ಊರಿಗೆಲ್ಲ ಹಂಚಿದೆನಲ್ಲ ಎಂಬ ಸಂಕಟ ಶುಭಾಳಿಗೆ. ಆಗಲೇ ನನ್ನ ಬಳಿ ಬಂದಿದ್ದರೆ ಸುಮ್ಮನೆ ವನಜಾಕ್ಷಿಗೊಂದು ಮಾತು ಹೇಳು ಅನ್ನುತ್ತಿದ್ದೆ. ಆದರೆ ಅವಳಿಗೆ ಯಾವ ಕಷ್ಟಕ್ಕೂ ಪರಿಹಾರ ಆ ಕಂಪ್ಯೂಟರಿನೊಳಗೇ ಇರಬೇಕು. ಗೊಜ್ಜಿನ ಪುಟದಲ್ಲಿ ಬೆಲ್ಲದ ಅಳತೆ ಅಳಿಸಿದಳು. ‘ತಿದ್ದಿದ ಹೊಸ ಫೈಲು, ಹಳೆಯದನ್ನು ತೆಗೆದುಬಿಡಿ’ ಎಂದು ಗುಂಪಿಗೆ ಕಳಿಸಿದಳು.

ಫೋನು ಬಂತು! “ಬೆಲ್ಲ ಎಷ್ಟು ಅಂತಾನೇ ಇಲ್ವಲ್ರೀ?” ಅಮ್ಮಣ್ಣಿಯವರು ಬೆಲ್ಲದಿಂದ ಶುರುಮಾಡಿ ಹುಣಿಸೆಹಣ್ಣಿನ ಜಾತಿಯವರೆಗೆ ಮಾತಾಡಿದರು. ಆವತ್ತು ಎರಡು ಚಪಾತಿ ಹೆಚ್ಚು ತಿಂದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ರುಚಿ ಹತ್ತಿದ ಶುಭಾ ಕೋಡುಬಳೆ ಪುಟಕ್ಕೆ ಕೈ ಹಾಕಿದಳು. ‘ಹಿಟ್ಟಿಗೆ ಕಾದ ಎಣ್ಣೆ ಹಾಕಿ ಕಲಸಬೇಕು’ ಎಂಬ ಸಾಲು ಅಳಿಸಿ ಗುಂಪಿಗೆ ಇನ್ನೊಂದು ಫೈಲು ಕಳಿಸಿದಳು. ಬೆಲ್ಲದ ಅಳತೆ ಇಲ್ಲದಿದ್ದರೆ ಓದಿದವರಿಗೆ ಗೊತ್ತಾಗುತ್ತದೆ. ಇಡೀ ಸಾಲೇ ಇಲ್ಲದಿದ್ದರೆ ಏನು ಗೊತ್ತಾಗಬೇಕು? ಅಷ್ಟು ಓದಿದವಳಿಗೆ ಇದು ಹೊಳೆಯಲಿಲ್ಲ ನೋಡಿ. ಯಾರೂ ಏನೂ ಕೇಳಲಿಲ್ಲ. ವನಜಾಕ್ಷಿ ಮಗಳ ಸೀಮಂತಕ್ಕೆ ಆ ಪುಟ ನೋಡಿಕೊಂಡೇ ಡಬ್ಬಗಟ್ಟಲೆ ಕೋಡುಬಳೆ ಕರಿದರು. ಕಲ್ಲು! ಬೀಗರ ಕಡೆಯ ಹಿರಿಯರೊಬ್ಬರ ಕಟ್ಟಿಸಿದ ಹಲ್ಲು ಸೀಮಂತದ ನಡುವೆಯೇ ಕಳಚಿ ಬಂತಂತೆ. ಹಿಟ್ಟಿಗೆ ಕಾದ ಎಣ್ಣೆ ಬಿದ್ದಿಲ್ಲ ಎಂದು ತಿಂದವರೇ ಹೇಳಿದರಂತೆ.

ವನಜಾಕ್ಷಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಶ್ರೀರಾಮನಿಗೆ ಫೋನ್ ಮಾಡಿ ಮೆಲ್ಲಗೆ ಹೇಳಿದರು: “ಮೊದಲು ಬೆಲ್ಲ ಬಿಟ್ರು, ಈಗ ಎಣ್ಣೆ. ಅಮ್ಮಂಗೆ ಮರೆವು ಶುರುವಾಗಿದೆ ಅನ್ಸುತ್ತೆ ಕಣಪ್ಪ. ಯಾರಿಗಾದ್ರೂ ತೋರಿಸು.”

ಆ ಮಾತು ಅಮ್ಮಣ್ಣಿಯವರ ಕಿವಿಗೂ ಬಿತ್ತು. ಅವರು ನಂಬಿಬಿಟ್ಟರು. ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ನನ್ನನ್ನು ಕರೆದು ರುಚಿ ನೋಡಿಸುತ್ತಿದ್ದರು. ನಾನು ಏನಾದರೂ ಕೇಳಿದರೆ, “ನನ್ನ ಕೇಳ್ಬೇಡಮ್ಮ, ಶುಭಾನ ಕೇಳು” ಎನ್ನುತ್ತಿದ್ದರು. ಶ್ರೀರಾಮ ಮರೆವಿನ ಡಾಕ್ಟರನ್ನು ಗೊತ್ತುಮಾಡಿದ. ಶುಭಾ ಎಲ್ಲವನ್ನೂ ನೋಡುತ್ತ, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಬಾಯಿ ಬಿಡದೆ ಇದ್ದಳು. ಅವಳು ನನ್ನ ಸ್ನೇಹಿತೆ ನಿಜ; ಆದರೂ ಈ ದಿನಗಳಿಗಾಗಿ ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಮಧ್ಯಾಹ್ನ ಅಮ್ಮಣ್ಣಿಯವರು ಸೊಸೆಯ ಪಕ್ಕ ಬಂದು ಕೂತರು.

“ಡಾಕ್ಟರು ಏನೇನೋ ಕೇಳ್ತಾರಂತಲ್ಲ. ನೀನು ಒಂದ್ಸಲ ಕೇಳಿ ನೋಡು. ಆ ಕೋಡುಬಳೆ ಪುಟಾನ ಮುಂದೆ ಇಟ್ಕೊ, ನಾನು ತಪ್ಪಿದ್ರೆ ಗೊತ್ತಾಗುತ್ತೆ.”

ಶುಭಾ ವಿಕಿ ತೆರೆದಳು. ಅವರು ಕಣ್ಣು ಮುಚ್ಚಿಕೊಂಡು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳತೊಡಗಿದರು. ಅಕ್ಕಿಹಿಟ್ಟು, ಚಿರೋಟಿ ರವೆ, ಕೊಬ್ಬರಿ, ಮೆಣಸಿನಕಾಯಿ, ಇಂಗು. “ಆಮೇಲೆ ಎಣ್ಣೆ ಚೆನ್ನಾಗಿ ಕಾಯಿಸಿ ಹಿಟ್ಟಿನ ಮೇಲೆ ಹಾಕ್ಬೇಕು.” ಅಲ್ಲಿ ನಿಂತರು. ಕಣ್ಣು ತೆರೆದು ಪರದೆಯ ಕಡೆ ನೋಡಿದರು. “ಅದ್ರಲ್ಲಿ ಎಣ್ಣೆ ಇಲ್ಲ ಅಲ್ವಾ? ಹಾಗಾದ್ರೆ ಈಗ ಹೇಳಿದ್ದು ಸರೀನೋ, ಆವತ್ತು ಹೇಳಿದ್ದು ಸರೀನೋ? ನಂಗೇ ಗೊತ್ತಾಗ್ತಿಲ್ಲ ಕಣೇ. ಭಯ ಆಗುತ್ತೆ.”

“ಅತ್ತೆ, ನೀವು ಎರಡು ಸಲಾನೂ ಸರಿಯಾಗೇ ಹೇಳಿದ್ರಿ. ಅಳಿಸಿದ್ದು ನಾನು.”

ಏನನ್ನೂ ಪೂರ್ತಿ ಎಸೆಯುವವಳಲ್ಲ ಶುಭಾ. ಹಳೆಯ ಪ್ರತಿ ಹಾಗೇ ಇತ್ತು. ಅದನ್ನು ತೆರೆದು ಎಣ್ಣೆಯ ಸಾಲನ್ನು ಓದಿದಳು. ಫೋನು ಬರಲೆಂದು ಮಾಡಿದ್ದನ್ನೂ ಹೇಳಿದಳು.

ಅಮ್ಮಣ್ಣಿಯವರು “ಹಾಗಾದ್ರೆ ನಂಗೇನೂ ಮರೆತಿಲ್ಲ, ಅಲ್ವಾ?” ಎಂದರು. ಇನ್ನೊಮ್ಮೆ ಕೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಬೈಗುಳಕ್ಕೆ ಸಿದ್ಧಳಾಗಿದ್ದ ಶುಭಾಳಿಗೆ ಆ ಪ್ರಶ್ನೆಯನ್ನು ತಾಳಿಕೊಳ್ಳಲು ಆಗಲಿಲ್ಲ.

“ಎಲ್ಲರಿಗೂ ಹೇಳ್ಬಿಡ್ತೀನಿ ಅತ್ತೆ.”

“ಯಾರಿಗೂ ಹೇಳ್ಬೇಡ. ಶ್ರೀರಾಮಂಗೊಬ್ಬನಿಗೆ ಹೇಳು, ಡಾಕ್ಟರು ಕ್ಯಾನ್ಸಲ್ ಆಗ್ಲಿ. ಸೊಸೆ ಹೀಗ್ಮಾಡಿದ್ಲು ಅಂದ್ರೆ ಮಾಟುಂಗದೋರು ನಿನ್ನ ಸುಮ್ನೆ ಬಿಡ್ತಾರಾ? ಮುದುಕಿಗೆ ಮರೆವು ಅಂತಾನೇ ಅಂದ್ಕೊಳ್ಳಲಿ ಬಿಡು.”

ಶುಭಾ ಅತ್ತೆಯ ಮಾತು ಕೇಳಲಿಲ್ಲ. ಅವರ ಫೋನಿನಿಂದಲೇ ವನಜಾಕ್ಷಿಗೆ ಕರೆಮಾಡಿ ಸ್ಪೀಕರಿಗೆ ಹಾಕಿದಳು. ಅತ್ತ ಕಡೆಯಿಂದ ಎಳೆಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಂತು: “ಅಮ್ಮಣ್ಣಿಯವರೇ... ನಾನು... ವನಜಾಕ್ಷಿ. ಗೊತ್ತಾಯ್ತಾ?”

ಶುಭಾಳಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. “ವನಜಾಕ್ಷಿಯವರೇ, ನಾನು ಶುಭಾ. ಅತ್ತೆಗೆ ಯಾವ ಮರೆವೂ ಇಲ್ಲ. ಆ ಎಣ್ಣೆ ಸಾಲು ನಾನೇ ಬೇಕೂಂತ ಅಳಿಸಿದ್ದು. ಗೊಜ್ಜಿನ ಬೆಲ್ಲಾನೂ ನಾನೇ.”

“ಅರೇ! ಯಾಕಮ್ಮಾ?”

ಶುಭಾ ಅತ್ತೆಯ ಕಡೆ ನೋಡಿದಳು. ಫೈಲು ಬಂದಮೇಲೆ ನೀವ್ಯಾರೂ ಇವರಿಗೆ ಫೋನ್ ಮಾಡಲಿಲ್ಲವಲ್ಲ ಎಂದು ಅತ್ತೆಯ ಎದುರಿನಲ್ಲೇ ಹೇಗೆ ಹೇಳುವುದು?

ಅಮ್ಮಣ್ಣಿಯವರು ಅವಳ ಕೈಯಿಂದ ಫೋನ್ ಕಿತ್ತುಕೊಂಡರು. “ಅದೆಲ್ಲ ನಮ್ಮನೆ ವಿಷ್ಯ, ಬಿಡೀಂದ್ರೆ. ಮಗಳಿಗೆ ತಿಂಗಳು ತುಂಬ್ತಾ ಬಂತಲ್ಲ, ಬಾಣಂತನಕ್ಕೆ ಏನು ರೆಡಿ ಮಾಡ್ಕೊಂಡಿದೀರಿ? ಏನೂ ಇಲ್ವಾ? ಸರಿಹೋಯ್ತು! ನಮ್ಮಮ್ಮ ಬಾಣಂತಿಗೆ ಅಂತ ಒಂದು ಸಾರಿನ ಪುಡಿ ಮಾಡ್ತಿದ್ಲು, ಕೇಳಿ...”

ಆ ಪುಡಿ ಯಾವ ಪುಟದಲ್ಲೂ ಇರಲಿಲ್ಲ. ಶುಭಾಳ ಕೈ ಅಭ್ಯಾಸಬಲದಿಂದ ಕೀಬೋರ್ಡಿನ ಕಡೆ ಹೋಯಿತು. ಅಮ್ಮಣ್ಣಿಯವರು ಫೋನನ್ನು ಅಂಗೈಯಿಂದ ಮುಚ್ಚಿ ಅವಳತ್ತ ತಿರುಗಿದರು.

“ಇದನ್ನ ಬರ್ಕೋಬೇಡ ಕಣೇ.”