ಅಟ್ಟದಲ್ಲಿದೆ ಕಣ್ರೀ

ನಮ್ಮ ತಿಪಟೂರಿನ ಕಡೆ ಯಾರೂ ಯಾರಿಗೂ ಮುಖಕ್ಕೆ ಮುಖ ಕೊಟ್ಟು ‘ಇಲ್ಲ’ ಎನ್ನುವುದಿಲ್ಲ. ಹೆಣ್ಣು ಒಪ್ಪಿಗೆಯಾಗದ ಗಂಡಿನವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಹೇಳಿ ಕಳಿಸ್ತೀವಿ ಎನ್ನುತ್ತಾರೆ. ಬಟ್ಟೆಯನ್ನು ಇನ್ನೂ ಕತ್ತರಿಸದ ದರ್ಜಿ, ಗುಂಡಿ ಒಂದು ಬಾಕಿ ಎನ್ನುತ್ತಾನೆ. ಕೇಳಿದವರಿಗೂ ಅರ್ಥವಾಗುತ್ತದೆ, ಸುಮ್ಮನಾಗುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ ಬೆಳೆದ ನನಗೆ, ಜನ ಬರೆದು ಕಳಿಸಿದ್ದನ್ನು ಬೇಕು ಬೇಡ ಎಂದು ವಿಂಗಡಿಸುವ ಕೆಲಸ ವಹಿಸಿದವರನ್ನು ಏನೆನ್ನಬೇಕೋ ತಿಳಿಯದು. ಒಪ್ಪಿಕೊಂಡ ನನ್ನನ್ನು ಏನೆನ್ನಬೇಕೆಂಬುದು ಮಾತ್ರ ಚೆನ್ನಾಗಿ ಗೊತ್ತಾಗಿದೆ.

ಬೀದಿಗೊಂದು ಸೈಬರ್ ಸೆಂಟರ್ ಹುಟ್ಟುತ್ತಿದ್ದ ಕಾಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನ ತಮ್ಮ ಊರಿನ ಸಂಗತಿಯನ್ನು ತಾವೇ ಬರೆಯಲಿ ಎಂದು ನಮ್ಮ ಕಾಲೇಜಿನ ಹಳೆಯ ಗೆಳೆಯರು ಒಂದು ವೆಬ್‌ಸೈಟ್ ತೆರೆದರು. ಕನ್ನಡ ಎಂ.ಎ. ಮಾಡಿ ಮನೆಯಲ್ಲಿ ಸಾರು ಕುದಿಸಿಕೊಂಡಿದ್ದಾಳೆ, ಪುರುಸೊತ್ತಿದೆ ಎಂದು ನನ್ನನ್ನು ಅದರ ನಿರ್ವಾಹಕಿ ಮಾಡಿದರು. ಹೆಸರಿನ ಪಕ್ಕ ಆ ಪದವಿ ನೋಡಿ ನಮ್ಮ ಅತ್ತೆಯ ತಂಗಿ, ಯಾವ ಡಿಪೋ, ತಿಪಟೂರೋ ತುರುವೇಕೆರೆಯೋ ಎಂದು ವಿಚಾರಿಸಿದರು. ಅವರು ಏನಾದರೂ ಅಂದುಕೊಳ್ಳಲಿ, ನನಗಂತೂ ಒಳಗೊಳಗೇ ಜಂಭ ಇದ್ದದ್ದು ನಿಜ.

ಪರದೆಯ ಮೇಲೆ ಎರಡು ಗುಂಡಿಗಳಿದ್ದವು: ‘ಪ್ರಕಟಿಸು’, ‘ತಿರಸ್ಕರಿಸು’. ಎರಡನೆಯದನ್ನು ನಾನು ಒತ್ತಿದ್ದೇ ಇಲ್ಲ. ಹೇಗೆ ಒತ್ತಲಿ? ಬರೆದವರಲ್ಲಿ ಒಬ್ಬ ಹೂವಿನವಳ ತಮ್ಮ, ಇನ್ನೊಬ್ಬರು ಅತ್ತೆಯ ಭಜನಾ ಮಂಡಳಿಯ ಕಾರ್ಯದರ್ಶಿ. ಇವತ್ತು ತಿರಸ್ಕರಿಸಿದರೆ ನಾಳೆ ಮಲ್ಲಿಗೆಯ ಮೊಳ ಗಿಡ್ಡವಾಗುತ್ತದೆ. ಹಾಗಾಗಿ ಬೇಡದ್ದನ್ನೆಲ್ಲ ಯಾವ ಗುಂಡಿಯನ್ನೂ ಒತ್ತದೆ ಹಾಗೇ ಬಿಡುತ್ತಿದ್ದೆ. ಕೇಳಿದವರಿಗೆ, “ಅಟ್ಟದಲ್ಲಿದೆ ಕಣ್ರೀ, ಸ್ವಲ್ಪ ದಿವಸ ಇರಲಿ” ಎನ್ನುತ್ತಿದ್ದೆ. ನಮ್ಮಲ್ಲಿ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿಯಾಗಲು ವರ್ಷವೇ ಹಿಡಿಯುತ್ತದೆ, ಅವಸರಪಟ್ಟು ಇಳಿಸಿದರೆ ಕೆಟ್ಟಿತು. ಅಟ್ಟದಲ್ಲಿರುವುದು ಯಾರಿಗೂ ಅವಮಾನವಲ್ಲ. ಬಹಳ ಮಂದಿ ನನ್ನ ಮಾತಿನ ಮರ್ಮ ತಿಳಿದು ಮತ್ತೆ ಕೇಳುತ್ತಿರಲಿಲ್ಲ.

ಬಿಳಿಗೆರೆಯ ಗಂಗಾಧರಯ್ಯನವರು ಮಾತ್ರ ಕೇಳಿದರು. ತೆಂಗಿನ ತೋಟದವರು, ಅರವತ್ತು ದಾಟಿದವರು. ಅವರ ಮನೆಯಲ್ಲಿ ಒಂದು ಸಂಜೆ ಒಲೆಯ ಕಿಡಿ ಹಾರಿ ಕೊಬ್ಬರಿ ಅಟ್ಟಕ್ಕೆ ಬೆಂಕಿ ಬಿದ್ದಿತ್ತು. ಊರವರೆಲ್ಲ ಕೊಡ ಹಿಡಿದು ಓಡಿಬಂದರಂತೆ. ಗೊಬ್ಬರಕ್ಕೆಂದು ಅವರ ತೋಟದಲ್ಲಿ ಕುರಿಮಂದೆ ಹಾಕಿದ್ದ ಹುಳಿಯಾರು ಕಡೆಯ ಹಟ್ಟಿಯವರು ತಮ್ಮ ಕಂಬಳಿಗಳನ್ನೇ ತೊಟ್ಟಿಯಲ್ಲಿ ಅದ್ದಿ ಉರಿಯ ಮೇಲೆ ಹೊದಿಸಿದರಂತೆ. ಕಂಬಳಿ ಸುಟ್ಟುಹೋದರೂ ಅವರು ಪ್ರತಿಯಾಗಿ ಏನನ್ನೂ ಮುಟ್ಟಲಿಲ್ಲ. ಹೆಸರನ್ನಾದರೂ ನಾಲ್ಕು ಜನ ಓದುವ ಕಡೆ ಹಾಕಿಸುತ್ತೇನೆ ಎಂದು ಗಂಗಾಧರಯ್ಯ ಎಲ್ಲರಿಗೂ ಮಾತು ಕೊಟ್ಟರು. ಸೈಬರ್ ಹುಡುಗಿಯ ಹತ್ತಿರ ಟೈಪು ಮಾಡಿಸಿ ಕಳಿಸಿದರು.

ಓದಿದೆ. ಬೆಂಕಿಯ ಬಗ್ಗೆ ಮೂರು ಸಾಲು, ಆಮೇಲೆ ಪುಟದ ತುಂಬ ಹೆಸರು. ನೀರು ಸೇದಿದ ಸಾಕಮ್ಮ, ಹೆಂಚು ಕಿತ್ತ ಮಹಾಲಿಂಗ, ಕಂಬಳಿ ಹೊದಿಸಿದ ಕರಿಯಪ್ಪ, ಚಿತ್ತಯ್ಯ, ಅವರ ಸೋದರಮಾವ. ಇದೇನು ಬರಹವೋ ಲಗ್ನಪತ್ರಿಕೆಯೋ ಎಂದು ನಕ್ಕೆ. ಹಿಂದೊಮ್ಮೆ ಯಾರೋ ಇಡೀ ಲಗ್ನಪತ್ರಿಕೆಯನ್ನೇ ಕಳಿಸಿದ್ದರಿಂದ, ಹೆಸರುಗಳ ಪಟ್ಟಿ ಹಾಕಕೂಡದೆಂದು ನಾನೇ ಒಂದು ನಿಯಮ ಮಾಡಿದ್ದೆ. ಇದೂ ಅಟ್ಟಕ್ಕೆ ಹೋಯಿತು.

ಗಂಗಾಧರಯ್ಯ ಸಂತೆಗೆ ಬಂದಾಗಲೆಲ್ಲ ನಮ್ಮವರ ಪಂಪ್‌ಸೆಟ್ ಅಂಗಡಿಗೆ ಬಂದು, ಬಂತಾ ಎಂದು ಕೇಳುವರು. ಅಟ್ಟದಲ್ಲಿದೆಯಂತೆ ಎಂದು ಇವರು ಹೇಳುವರು. ಆ ಮನುಷ್ಯ ಒಂದು ಮಾತು ಹೇಳಿದರೆ ಅದಕ್ಕೆ ಒಂದೇ ಅರ್ಥ, ಹಾಗಾಗಿ ನನ್ನ ಮಾತಿಗೂ ಒಂದೇ ಅರ್ಥವಿದೆಯೆಂದು ನಂಬಿದರು. ಸಂಕ್ರಾಂತಿ ಹೋಯಿತು, ಯುಗಾದಿ ಹೋಯಿತು. ಹಟ್ಟಿಯವರು ಹುಳಿಯಾರಿನ ಸೈಬರ್‌ನಲ್ಲಿ ಹುಡುಕಿಸಿ, ನಮ್ಮ ಹೆಸರೆಲ್ಲಿ ಎಂದು ಕೇಳಿದರಂತೆ. ಅಯ್ಯನದು ಬರೀ ಬಾಯಿಮಾತು ಎಂದು ಊರಿನ ಪಡಸಾಲೆಗಳಲ್ಲಿ ನಗೆ ಎದ್ದಿತ್ತು. ಓದುವವರು ನಿಧಾನವಾಗಿ ಓದುತ್ತಿದ್ದಾರೆ, ಆತುರ ಮಾಡಬಾರದು ಎಂದು ಅವರು ನನ್ನ ಪರವಾಗಿಯೇ ವಾದಿಸುತ್ತಿದ್ದರು. ನಮ್ಮವರು ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳಿ, “ಬೇಡ ಅಂದ್ರೆ ಬೇಡ ಅಂತ ಹೇಳ್ಬುಡೇ, ನನಗೆ ಆ ಮುಖ ನೋಡಕ್ಕಾಗಲ್ಲ” ಎಂದರು. ನಾನು ನೋಡೋಣ ಎಂದು ಮಜ್ಜಿಗೆ ಬಡಿಸಿದೆ.

ಇದಕ್ಕಿಂತ ನಾಚಿಕೆಗೇಡು ಇನ್ನೊಂದಿದೆ. ಅದೇ ದಿನಗಳಲ್ಲಿ ತುರುವೇಕೆರೆ ಕಡೆಯ ಒಂದು ಕಲ್ಲುಶಾಸನದ ಮೇಲೆ ನಾನೇ ಲೇಖನ ಬರೆದೆ. ಹಳೆಯ ಶಾಸನಗಳ ಸೊಗಸಿರುವುದೇ ಹೆಸರುಗಳಲ್ಲಿ. ಕೆರೆ ಕಟ್ಟಿಸಿದವನು, ಹೊಲ ಬಿಟ್ಟವನು, ಸಾಕ್ಷಿಗೆ ನಿಂತ ಗೌಡ, ಕೊನೆಗೆ ಕಲ್ಲು ಕೊರೆದ ರೂವಾರಿ ಕೂಡ ತನ್ನ ಹೆಸರು ಸೇರಿಸಿರುತ್ತಾನೆ. ‘ಆಹಾ, ಸಾಮಾನ್ಯರ ಹೆಸರನ್ನೂ ಕಲ್ಲಿನಲ್ಲಿಟ್ಟ ನಾಡು ನಮ್ಮದು’ ಎಂದು ಬರೆದು, ನಾನೇ ‘ಪ್ರಕಟಿಸು’ ಒತ್ತಿದೆ. ಅದು ಅಟ್ಟ ಹತ್ತಲಿಲ್ಲ. ಸಾಕಮ್ಮ, ಕರಿಯಪ್ಪ ಅಲ್ಲೇ ಕೆಳಗಿನ ಸಾಲಿನಲ್ಲಿ ಕಾಯುತ್ತಿದ್ದರು, ನನಗೆ ಕಾಣಲಿಲ್ಲ.

ಒಂದು ಮಧ್ಯಾಹ್ನ ಗಂಗಾಧರಯ್ಯ ಮನೆಗೇ ಬಂದರು. ಇವತ್ತು ಜಗಳ ಕಾದಿದೆ ಎಂದುಕೊಂಡು ಎರಡು ಮೂರು ಸುಳ್ಳುಗಳನ್ನು ಸಿದ್ಧ ಮಾಡಿಕೊಂಡೆ. ಅವರು ಚಾಪೆಯ ತುದಿಯಲ್ಲಿ ಕೂತು, ನೀರು ಕುಡಿದು, ಸ್ವಲ್ಪ ಸಂಕೋಚದಿಂದಲೇ ಕೇಳಿದರು.

“ಅದ್ರಲ್ಲಿ ಇನ್ನೊಂದ್ ಹೆಸ್ರು ಸೇರ್ಸಾಕಾಯ್ತದಾ ಅಮ್ಮ? ಕೊನೇಗಾದ್ರೂ ಆಯ್ತು.”

ಯಾರದು ಎಂದೆ.

“ನಿಮ್ದೇಯ. ಇಷ್ಟ್ ದಿವ್ಸ ಜ್ವಾಪಾನವಾಗಿ ಮಡಗಿದ್ದೀರಿ. ನಿಮ್ಮನ್ನ ಬುಟ್ರೆ ತಪ್ಪಾಯ್ತದೆ.”

ಭೂಮಿ ಬಾಯಿಬಿಡಬಾರದೇ ಎನಿಸಿತು. ಸಿದ್ಧ ಮಾಡಿಕೊಂಡಿದ್ದ ಸುಳ್ಳುಗಳಲ್ಲಿ ಒಂದೂ ಇದಕ್ಕೆ ಹೊಂದುವಂತಿರಲಿಲ್ಲ. ಸೇರಿಸುತ್ತೇನೆ ಎಂದು ತಲೆ ತಗ್ಗಿಸಿಕೊಂಡೇ ಹೇಳಿದೆ. ಅವರು ಬಸ್ಸಿಗೆ ಹೊರಟ ಮೇಲೆ ಕಂಪ್ಯೂಟರ್ ಮುಂದೆ ಕೂತು, ಎಲ್ಲ ಹೆಸರುಗಳನ್ನೂ ಮೊದಲ ಸಲ ಒಂದೊಂದಾಗಿ ಓದಿದೆ. ಕೊನೆಯಲ್ಲಿ ನನ್ನ ಹೆಸರು ಬರೆದೆ, ಅಳಿಸಿದೆ. ಅಳಿಸಿದರೆ ಅವರ ಮಾತು ತಳ್ಳಿದಂತೆ. ಉಳಿಸಿದರೆ ಒಂದು ತಂಬಿಗೆ ನೀರೂ ತರದವಳು ಕೊಡ ಹೊತ್ತವರ ಸಾಲಿನಲ್ಲಿ ನಿಂತಂತೆ. ಮತ್ತೆ ಬರೆದು, ಗುಂಡಿ ಒತ್ತಿ, ಎದ್ದು ಹೋಗಿ ಮುಖ ತೊಳೆದುಕೊಂಡೆ.

ಮುಂದಿನ ವರ್ಷ ಅವರು ಹೊಸ ಅಟ್ಟ ಕಟ್ಟಿಸಿ ಊಟಕ್ಕೆ ಕರೆದರು. ಏಣಿಯ ಪಕ್ಕದ ಗೋಡೆಗೆ ಆ ಪುಟದ ಪ್ರಿಂಟು, ಕಟ್ಟು ಹಾಕಿಸಿ ನೇತುಹಾಕಿದ್ದರು. ಹಟ್ಟಿಯ ಕರಿಯಪ್ಪ ಹೆಗಲ ಮೇಲೆ ಹೊಸ ಕಂಬಳಿ ಹಾಕಿಕೊಂಡು, ಮೊಮ್ಮಗಳಿಂದ ಅದನ್ನು ಓದಿಸಿಕೊಳ್ಳುತ್ತಿದ್ದ. ಕೊನೆಯ ಹೆಸರು ಬಂದಾಗ, ಈಯಮ್ಮ ಯಾರು, ಅವತ್ತು ಕಂಡಂಗಿಲ್ಲವಲ್ಲ ಎಂದು ಕೇಳಿದ. ನಾನು ಕಂಬದ ಈಚೆ ಎಲೆಯ ಮುಂದೆ ಕೂತಿದ್ದೆ. ಗಂಗಾಧರಯ್ಯ ಪಾಯಸ ಬಡಿಸುತ್ತಲೇ ಉತ್ತರ ಕೊಟ್ಟರು.

“ಅವ್ರು ಬೆಂಕಿ ಆರಿದ್ ಮ್ಯಾಲೆ ಬಂದ್ರು ಕಣಪ್ಪ. ಬಂದ್ರಲ್ಲ, ಬುಡು.”

ಅಂದರೆ ನನ್ನ ಅಟ್ಟದ ಮರ್ಮವೆಲ್ಲ ಅವರಿಗೆ ಗೊತ್ತಿತ್ತು. ಎಷ್ಟು ದಿನದಿಂದ ಗೊತ್ತಿತ್ತೋ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಆದರೆ ಮಾರನೆಯ ದಿನವೇ ಕೂತು ಅಟ್ಟವನ್ನೆಲ್ಲ ಖಾಲಿ ಮಾಡಿದೆ. ಹಾಕುವುದನ್ನು ಹಾಕಿದೆ, ಉಳಿದವರ ಮನೆಗೆ ಹೋಗಿ, ಇದು ಆಗಲ್ಲ ಕಣ್ರೀ ಎಂದು ಹೇಳಿ ಬಂದೆ. ಈಗ ನನ್ನ ಮಲ್ಲಿಗೆಯ ಮೊಳ ನಾಲ್ಕು ಬೆರಳು ಗಿಡ್ಡ. ಮುಡಿದುಕೊಳ್ಳುತ್ತೇನೆ.