ಕಲ್ಲುಸುಣ್ಣ ಮತ್ತು ಪದ್ಮಾ ಟೀಚರು

ಹಲ್ಲಿ ಲೊಚಗುಟ್ಟಿದರೂ ಮಂಚ ಹತ್ತುತ್ತಿದ್ದಳು ಪದ್ಮಾ ಟೀಚರು. ಸುರಪುರದ ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದಳು. ಗುರುಮಠಕಲ್ ಕಡೆಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಸಿಡಿಲಿಗೆ ಹೆದರಿಕೆ, ನಾಯಿಗೆ ಹೆದರಿಕೆ, ಕುಕ್ಕರಿನ ಸೀಟಿಗೂ ಹೆದರಿಕೆ. ಇಂಥವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದು ನನಗೆ ಅನುಮಾನವಿತ್ತು.

ಸಂಜೆ ನಾನು ರೊಟ್ಟಿ ಬಡಿಯುವಾಗ ಒಲೆಯಿಂದ ಮಾರುದೂರ ಕೂತು ಉಪ್ಪಿನ ಕಥೆ ಹೇಳುತ್ತಿದ್ದಳು.

“ಅಮ್ಮಾ, ಉಪ್ಪಿನ್ಯಾಗ ಎರಡು ಧಾತು ಅದಾವ. ಒಂದು ನೀರಿಗೆ ಬಿದ್ರ ಉರಿತದ, ಇನ್ನೊಂದು ವಿಷದ ಗಾಳಿ. ಒಂದು ತನ್ನದು ಕೊಡ್ತದ, ಇನ್ನೊಂದು ಇಸ್ಕೊಂತದ. ಆಮ್ಯಾಲ ಎರಡೂ ಗಟ್ಟಿ ಅಪ್ಪಿಕೊಂಡು ಸಾಲು ಹಿಡಿದು ಕೂಡ್ತಾವ. ಆಗ ಬಿಸಿ ಹೊರಗ ಬೀಳ್ತದ.”

“ಅಪ್ಪಿಕೊಂಡ್ರ ಬಿಸಿ ಆಗ್ತದಂತ ಹೇಳಾಕ ಸರ್ಕಾರ ನಿನಗ ಪಗಾರ ಕೊಡ್ತದೇನ?” ಎಂದೆ. ಮುಖ ಕೆಂಪಾಗಿ ಎದ್ದು ಹೋದಳು.

ದಸರೆಗೆ ಮನೆಗೆ ಬಳಿಯಲು ಶಹಾಪುರದಿಂದ ಕಲ್ಲುಸುಣ್ಣ ತರಿಸಿದೆ. ಟೀಚರು ಓಣಿಯೆಲ್ಲ ತಿರುಗಿದಳು. “ನೀರು ತಗಲಿದ್ರ ಕುದಿತದ್ರಿ. ಇದೂ ಉಪ್ಪಿನಂಗ, ಕೂಡುವಾಗ ಬಿಸಿ ಒಗಿತದ. ಹುಡುಗರನ್ನ ದೂರ ಇಡ್ರಿ.” ಎಲ್ಲರೂ ನಕ್ಕರು. ಸುಣ್ಣ ತುಂಬಿದ ಡ್ರಮ್ಮಿಗೆ ನೀರು ಬಿತ್ತು, ಸುಣ್ಣ ಕೊತಕೊತ ಕುದಿಯಿತು. ಎರಡನೇ ಕ್ಲಾಸಿನ ಮೊಮ್ಮಗಳು ರೇಣು ಇಣುಕಿದಳು. ಒಂದು ಗುಳ್ಳೆ ಒಡೆದು ಅವಳ ಎಡಗಣ್ಣಿಗೆ ಸಿಡಿಯಿತು.

ಆ ಚೀರು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕೊಡ ಎತ್ತಿಕೊಂಡೆ. ಪಕ್ಕದ ಮನೆಯ ಮಾದೇವಿ ನನ್ನ ರಟ್ಟೆ ಹಿಡಿದಳು: “ನೀರು ಹಾಕಬ್ಯಾಡ! ಟೀಚರೇ ಹೇಳ್ಯಾಳಲ್ಲ, ಕುದಿತದಂತ! ಕಣ್ಣು ಬೆಂದು ಹೋಗ್ತದ, ಎಣ್ಣಿ ತಾ!” ನನ್ನ ಕೈ ನಿಂತಿತು. ಹಾಕಿದರೆ ಕಣ್ಣು ಹೋಗುತ್ತದೋ, ಹಾಕದಿದ್ದರೆ ಹೋಗುತ್ತದೋ?

ಟೀಚರು ಬರಿಗಾಲಲ್ಲಿ ಓಡಿಬಂದು ಮಾದೇವಿಯನ್ನು ದಬ್ಬಿದಳು. ಸೆರಗಿನ ತುದಿಯಿಂದ ರೆಪ್ಪೆಯ ಮೇಲಿನ ಸುಣ್ಣ ಒರೆಸಿ, ರೆಪ್ಪೆ ಬಿಡಿಸಿ ಹಿಡಿದಳು. “ಸುರೀರಿ ಅಮ್ಮಾ! ಹನಿ ನೀರಿಗೆ ಕುದಿತದ. ಕೊಡಗಟ್ಟಲೆ ಸುರಿದ್ರ ಬಿಸಿನೂ ಸುಣ್ಣನೂ ಹರಕೊಂಡು ಹೋಗ್ತಾವ. ನಿಲ್ಲಿಸಬ್ಯಾಡ್ರಿ!” ಅವಳ ಹಲ್ಲು ಕಟಕಟ ಅನ್ನುತ್ತಿದ್ದವು, ರೆಪ್ಪೆ ಹಿಡಿದ ಬೆರಳು ಮಾತ್ರ ಅಲುಗಲಿಲ್ಲ. ಯಾದಗಿರಿ ದವಾಖಾನೆಗೆ ಹೋಗುವ ಜೀಪಿನಲ್ಲೂ ಬಾಟಲಿ ಬಾಟಲಿ ನೀರು ಸುರಿದಳು.

“ನೀರು ಹಾಕಿದ್ದಕ್ಕ ಕಣ್ಣು ಉಳದದ. ನೋಟ ಎಷ್ಟು ತಿಳಿಯಾಗ್ತದೋ, ನೋಡಬೇಕು” ಎಂದರು ಡಾಕ್ಟರು. ನೋಡಬೇಕು ಎಂಬ ಆ ಮಾತು ನನ್ನನ್ನು ತಿಂಗಳುಗಟ್ಟಲೆ ತಿಂದಿತು.

ಅಷ್ಟರಲ್ಲಿ ಟೀಚರಿಗೆ ತನ್ನೂರ ಕಡೆ ವರ್ಗವಾಯಿತು. ಕಳಿಸಲು ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ರೇಣುವಿನ ಬಲಗಣ್ಣು ಮುಚ್ಚಿ, “ಬಸ್ಸಿನ ಬೋರ್ಡ್ ಓದವ್ವ” ಎಂದಳು.

“ಗುರುಮಠಕಲ್.”

“ನೀ ಎಲ್ಲಿಗಿ ಹೋಗ್ತೀಯಂತ ಆಕಿಗಿ ಗೊತ್ತದ. ಬ್ಯಾರೆ ತೋರ್ಸು” ಎಂದೆ.

ಆಚೆ ತುದಿಯ ಬಸ್ಸು ತೋರಿಸಿದಳು. ರೇಣು ಬಹಳ ಹೊತ್ತು ನೋಡಿದಳು.

“ತಿಂ... ಥ... ಣಿ.”

ನನಗೆ ಅಷ್ಟು ದೂರದ ಅಕ್ಷರ ಕಾಣದು. ಸರಿಯೋ ತಪ್ಪೋ ತಿಳಿಯಲು ಟೀಚರ ಮುಖ ನೋಡಿದೆ. ಹೆದರಿಕೆ ಇಳಿದ ಆ ಮುಖ ನಾನು ಕಂಡದ್ದು ಅದೊಂದೇ ಸಲ. ಅಷ್ಟರಲ್ಲಿ ಅವಳ ಬಸ್ಸು ಹಾರ್ನ್ ಹೊಡೆಯಿತು. ಬೆಚ್ಚಿಬಿದ್ದು ನನ್ನ ಕೈ ಹಿಡಿದಳು. ಬಿಟ್ಟು ಹತ್ತಿದವಳನ್ನು ಮತ್ತೆ ನೋಡಿಲ್ಲ.