ಸಾಹೇಬರ ಗಂಟೆ, ನಮ್ಮ ಅಡುಗೆಯಾಕೆ

ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬ ಅಡುಗೆಯಾಕೆ ಇದ್ದಳು. ಬಾಗಿಲಲ್ಲಿ ನಿಂತು ಯಾರೇ ಹಾರ್ನ್ ಹೊಡೆದರೂ, ಸ್ವಂತ ಅಳಿಯನಿಗೂ, ಅದೇ ಮಾತು: "ಬಾಯಿ ಇಲ್ಲೇನ ನಿನಗ?"

ಒಮ್ಮೆ ಕ್ರಿಸ್‌ಮಸ್ ರಜೆಯಲ್ಲಿ ತಂಬಾಕು ವ್ಯಾಪಾರಿಯೊಬ್ಬರು ಶಾಲೆಯ ಸಹಾಯಾರ್ಥ ತಮ್ಮ ಬಂಗಲೆಯಲ್ಲಿ ಬ್ರಿಟಿಷ್ ಕಾಲದ ಊಟ ಇಟ್ಟರು. ವೈನಿತ್ತು, ಮೇಜಿನ ತುಂಬ ಆ ಕಾಲದ ಸಾಮಾನುಗಳಿದ್ದವು. ಅಡುಗೆ ಆಕೆಯದು, ಬಡಿಸಲು ನಾನು. ಪುಡಿಂಗ್ ತರಿಸಲು ಬಂಗಲೆಯ ಯಜಮಾನರು ಮೇಜಿನ ಮೇಲಿದ್ದ, ಹಿಂದೆ ಬ್ರಿಟಿಷ್ ಸಾಹೇಬರು ಆಳುಗಳನ್ನು ಕರೆಯುತ್ತಿದ್ದ ಹಿತ್ತಾಳೆ ಗಂಟೆಯನ್ನೆತ್ತಿ ಬಾರಿಸಿದರು. ಅತಿಥಿಗಳು ನಕ್ಕರು. ಮತ್ತೆ ಬಾರಿಸಿದರು.

ಆಕೆ ಬರಿಗೈಯಲ್ಲಿ ಬಂದು ಗಂಟೆ ಕಸಿದುಕೊಂಡು ಮೇಜಿನ ಮೇಲಿಟ್ಟಳು. "ಹಳೇ ಸಾಮಾನ್ರಿ ಇದು. ನೋಡಾಕಷ್ಟ ಇರ್ಲಿ." ಒಳಹೋಗಿ ಪುಡಿಂಗಿಗೆ ತಟ್ಟೆ ಮುಚ್ಚಿ ಕೂತಳು.

ಕೊನೆಗೆ ಯಜಮಾನರೇ ಅಡುಗೆಮನೆ ಬಾಗಿಲಿಗೆ ಬಂದರು. "ಅಕ್ಕಾರ, ಪುಡಿಂಗ್ ಕೊಡ್ರಿ."

"ಹಾಂ, ಈಗ ಕೇಳಿಸ್ತ ನೋಡ್ರಿ," ಎಂದು ತಟ್ಟೆ ತೆಗೆದಳು.